ಪೆಲೆಟ್ ಒಲೆಯನ್ನು ಮನೆಯಲ್ಲೇ ಶುಚಿಗೊಳಿಸುವುದು: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೋ ಜರ್ಮನಿಯಲ್ಲೋ ಇರುವ ಕನ್ನಡಿಗರು ಚಳಿಗಾಲಕ್ಕೆಂದು ಪೆಲೆಟ್ ಒಲೆಯಿರುವ, ಅಂದರೆ ಮರದ ಪುಡಿಯನ್ನು ಒತ್ತಿ ಮಾಡಿದ ಸಣ್ಣ ತುಂಡುಗಳನ್ನು ಉರಿಸುವ ಒಲೆಯಿರುವ, ಮನೆಗೆ ಬಂದಾಗ ಮತ್ತೆ ಮತ್ತೆ ಎದುರಾಗುವ ತೊಂದರೆ ಒಂದೇ ಬಗೆಯದು. ಒಲೆಯನ್ನು ವಾರಕ್ಕೊಮ್ಮೆ ಶುಚಿ ಮಾಡುತ್ತಿದ್ದರೂ ಜನವರಿಯ ಹೊತ್ತಿಗೆ ಉರಿ ಮಂಕಾಗುತ್ತದೆ, ಗಾಜು ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ, ಕೊನೆಗೆ ಒಲೆ ಹೊತ್ತಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಪೆಲೆಟ್‌ಗೆ ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಟ್ಟಿದೆಯೆಂದು ಹೊಸದನ್ನು ತರಿಸಿ ಹಾಕಿದರೂ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಬಹುತೇಕ ಸಂದರ್ಭಗಳಲ್ಲಿ ಕೆಟ್ಟಿರುವುದು ಯಂತ್ರವಲ್ಲ; ಕಣ್ಣಿಗೆ ಕಾಣುವ ಭಾಗಗಳನ್ನಷ್ಟೇ ಒರೆಸಿ, ಹೊಗೆ ಸಾಗುವ ದಾರಿಯಲ್ಲಿ ಕುಳಿತ ಬೂದಿಯನ್ನು ಹಾಗೆಯೇ ಬಿಟ್ಟಿರುವುದು ಅಥವಾ ಎಲ್ಲವನ್ನೂ ಶುಚಿ ಮಾಡಿದರೂ ಕ್ರಮ ತಪ್ಪಿಸಿರುವುದು ಇದಕ್ಕೆ ಕಾರಣ.

ಊರಿನ ಬಚ್ಚಲ ಒಲೆಯಲ್ಲಿ ಗಾಳಿಯನ್ನು ಎಳೆಯುವುದು ಬೆಂಕಿಯ ಬಿಸಿಯೇ. ಅಲ್ಲಿ ಒಂದಿಷ್ಟು ಬೂದಿ ಉಳಿದರೆ ಕೆಂಡ ಆರದಂತೆ ಕಾಪಾಡಲು ಅನುಕೂಲವೇ ಆಗುತ್ತದೆ. ಪೆಲೆಟ್ ಒಲೆಯಲ್ಲಿ ಹಾಗಿಲ್ಲ. ಇಲ್ಲಿ ಒಂದು ಸಣ್ಣ ವಿದ್ಯುತ್ ಫ್ಯಾನ್ ಹೊಗೆಯನ್ನು ಹೊರಕ್ಕೆ ಎಳೆಯುತ್ತದೆ. ಆ ಎಳೆತದಿಂದಲೇ, ಪೆಲೆಟ್ ಬಿದ್ದು ಉರಿಯುವ ಬರ್ನ್ ಪಾಟ್ ಎಂಬ ಬಟ್ಟಲಿನ ಸಣ್ಣ ತೂತುಗಳ ಮೂಲಕ ಬೆಂಕಿಗೆ ಗಾಳಿ ನುಗ್ಗುತ್ತದೆ. ಈ ದಾರಿಯಲ್ಲಿ ಎಲ್ಲಿ ಬೂದಿ ಕಟ್ಟಿಕೊಂಡರೂ ಗಾಳಿ ಕಡಿಮೆಯಾಗುತ್ತದೆ, ಪೆಲೆಟ್ ಮಾತ್ರ ಮೊದಲಿನ ಪ್ರಮಾಣದಲ್ಲೇ ಬೀಳುತ್ತಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಹೊಗೆ ಸಾಗುವ ದಾರಿಯನ್ನು ಅನುಸರಿಸಿ, ಮೇಲಿನಿಂದ ಕೆಳಕ್ಕೆ ಜೋಡಿಸಲಾಗಿದೆ. ನಿಮ್ಮ ಒಲೆಯ ಕೈಪಿಡಿ ಯಾವುದಾದರೂ ಹಂತದಲ್ಲಿ ಬೇರೆ ರೀತಿ ಹೇಳಿದರೆ ಕೈಪಿಡಿಯ ಮಾತನ್ನೇ ಪಾಲಿಸಿ.

## ಯಾವ ಕೆಲಸ ಎಷ್ಟು ದಿನಕ್ಕೊಮ್ಮೆ

ದಿನವಿಡೀ ಉರಿಯುವ ಒಲೆಯ ಬರ್ನ್ ಪಾಟನ್ನು ಪ್ರತಿದಿನ ಕೆರೆದು ಖಾಲಿ ಮಾಡಬೇಕು. ಬೂದಿ ತಟ್ಟೆಯನ್ನು ಮತ್ತು ಒಲೆಯ ಒಳಗೋಡೆಗಳನ್ನು ವಾರಕ್ಕೊಮ್ಮೆ ನೋಡಿಕೊಂಡರೆ ಸಾಕು. ಒಂದು ಟನ್ ಪೆಲೆಟ್ ಉರಿದ ಮೇಲೆ, ಅಂದರೆ ಅಮೆರಿಕದ ಲೆಕ್ಕದಲ್ಲಿ 40 ಪೌಂಡಿನ 50 ಚೀಲ ಮುಗಿದ ಮೇಲೆ, ಇಲ್ಲಿ ವಿವರಿಸಿರುವ ಪೂರ್ಣ ಶುಚಿ ಕಾರ್ಯ ಆಗಬೇಕು. ಚಳಿಗಾಲ ಮುಗಿದ ಕೂಡಲೇ ಇನ್ನೊಮ್ಮೆ ಇದನ್ನೇ ಮಾಡಬೇಕು.

ಟನ್ನಿನ ಲೆಕ್ಕ ಏಕೆಂದರೆ, ಅಮೆರಿಕದಲ್ಲಿ ಪ್ರೀಮಿಯಂ ದರ್ಜೆಯೆಂದು ಮಾರುವ ಪೆಲೆಟ್‌ನಲ್ಲಿ ಬೂದಿಯ ಪ್ರಮಾಣ ಶೇ. 1ರವರೆಗೆ ಇರಬಹುದು, ಯುರೋಪಿನ ಇಎನ್‌ಪ್ಲಸ್ ಎ1 ದರ್ಜೆಯಲ್ಲಿ ಈ ಮಿತಿ ಶೇ. 0.7. ಶೇ. 1ರ ಲೆಕ್ಕದಲ್ಲಿ ಒಂದು ಟನ್ನಿಗೆ 20 ಪೌಂಡ್, ಎಂದರೆ ಸುಮಾರು 9 ಕಿಲೋ ಬೂದಿ ಹುಟ್ಟುತ್ತದೆ. ಅದೆಲ್ಲ ತಟ್ಟೆಗೆ ಬೀಳುವುದಿಲ್ಲ. ಹಿಟ್ಟಿನಷ್ಟು ನುಣುಪಾದ ಒಂದು ಪಾಲು ಹೊಗೆಯ ಜೊತೆಗೆ ಹಾರಿ ಒಳಗಿನ ತಿರುವುಗಳಲ್ಲಿ, ಫ್ಯಾನಿನ ರೆಕ್ಕೆಗಳ ಮೇಲೆ, ಕೊಳವೆಯ ಮೂಲೆಗಳಲ್ಲಿ ಕೂರುತ್ತದೆ. ಅಗ್ಗದ, ತೊಗಟೆ ಬೆರೆತ ಪೆಲೆಟ್ ಬಳಸುವವರು ಟನ್ನಿನವರೆಗೆ ಕಾಯದೆ ಅರ್ಧ ಟನ್ನಿಗೇ ಈ ಕೆಲಸಕ್ಕೆ ಇಳಿಯುವುದು ಒಳ್ಳೆಯದು.

## ಬೇಕಾಗುವ ಸಾಮಾನುಗಳು

ಮೊದಲನೆಯದು, ಬೂದಿಗೆಂದೇ ತಯಾರಿಸಿದ ಆ್ಯಶ್ ವ್ಯಾಕ್ಯೂಮ್. ಮನೆ ಗುಡಿಸುವ ಸಾಮಾನ್ಯ ವ್ಯಾಕ್ಯೂಮ್ ಕ್ಲೀನರನ್ನು ಇದಕ್ಕೆ ಬಳಸಲೇಬಾರದು. ನುಣುಪು ಬೂದಿ ಅದರ ಫಿಲ್ಟರನ್ನು ದಾಟಿ ಕೋಣೆಯ ತುಂಬ ಹರಡುತ್ತದೆ. ಬೂದಿಯಲ್ಲಿ ಒಂದೇ ಒಂದು ಕೆಂಡ ಅಡಗಿದ್ದರೂ ಗಾಳಿಯ ರಭಸಕ್ಕೆ ಅದು ಮತ್ತೆ ಹೊತ್ತಿಕೊಂಡು ಒಳಗಿನ ಚೀಲವೇ ಉರಿಯಬಹುದು. ಆ್ಯಶ್ ವ್ಯಾಕ್ಯೂಮ್ ಇದ್ದರೂ ಬೂದಿ ಪೂರ್ತಿ ತಣ್ಣಗಾಗಿರಲೇಬೇಕು.

ಇದರ ಜೊತೆಗೆ ಬಿಗಿಯಾದ ಮುಚ್ಚಳವಿರುವ ಲೋಹದ ಡಬ್ಬಿ, ಚಪ್ಪಟೆ ಕೆರೆಗತ್ತಿ, ಮೃದು ಕೂದಲಿನ ಪೇಂಟ್ ಬ್ರಷ್, ಹಳೆಯ ಟೂತ್‌ಬ್ರಷ್, ಪಾಟಿನ ತೂತಿನೊಳಗೆ ಹೋಗುವಷ್ಟು ತೆಳುವಾದ ಅಲೆನ್ ಕೀ, ರಬ್ಬರ್ ಸುತ್ತಿಗೆ, ಟಾರ್ಚ್, ಕೈಗವಸು, ಕನ್ನಡಕ ಮತ್ತು ಎನ್95 ಮುಖಗವಸು ಬೇಕು. ಹೊಗೆ ಕೊಳವೆಗೆ ಅದರ ವ್ಯಾಸಕ್ಕೆ ಸರಿಹೊಂದುವ ಬಗ್ಗುವ ಕೋಲಿನ ಬ್ರಷ್ ಕೊಳ್ಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ 3 ಅಥವಾ 4 ಇಂಚಿನ ಕೊಳವೆ ಇರುತ್ತದೆ, ಯುರೋಪಿನಲ್ಲಿ 80 ಅಥವಾ 100 ಮಿಲಿಮೀಟರಿನದು. ಹೊಗೆ ಫ್ಯಾನಿನ ಗ್ಯಾಸ್ಕೆಟ್, ಅಂದರೆ ಸಂದಿಯಲ್ಲಿ ಗಾಳಿ ಸೋರದಂತೆ ತಡೆಯುವ ಪಟ್ಟಿ, ಒಂದನ್ನು ಮುಂಚಿತವಾಗಿಯೇ ತರಿಸಿಟ್ಟುಕೊಳ್ಳಿ. ಫ್ಯಾನ್ ಬಿಚ್ಚಿದ ಮೇಲೆ ಹಳೆಯ ಗ್ಯಾಸ್ಕೆಟ್ ಹರಿದಿರುವುದು ಕಂಡರೆ ಹೊಸದು ಬರುವವರೆಗೆ ಒಲೆ ಹಚ್ಚುವಂತಿಲ್ಲ.

## ಹಂತ 1: ಒಲೆಯನ್ನು ಸರಿಯಾಗಿ ಆರಿಸುವುದು

ಒಲೆಯನ್ನು ಅದರ ಗುಂಡಿಯಿಂದಲೇ ನಿಲ್ಲಿಸಿ. ಪ್ಲಗ್ ಕಿತ್ತು ಆರಿಸಿದರೆ ಹೊಗೆ ಫ್ಯಾನ್ ಕೂಡಲೇ ನಿಂತು, ಪಾಟಿನಲ್ಲಿ ಇನ್ನೂ ಉರಿಯುತ್ತಿರುವ ಪೆಲೆಟ್‌ನ ಹೊಗೆ ಕೋಣೆಗೆ ಬರುತ್ತದೆ. ಗುಂಡಿ ಒತ್ತಿದ ಮೇಲೆ ಒಲೆ ತಾನೇ ಪೆಲೆಟ್ ಬೀಳಿಸುವುದನ್ನು ನಿಲ್ಲಿಸಿ, ಉಳಿದದ್ದನ್ನು ಉರಿಸಿ, ಫ್ಯಾನುಗಳನ್ನು ಓಡಿಸಿ ತಣಿಯುತ್ತದೆ. ಅದು ಮುಗಿದ ನಂತರವಷ್ಟೇ ಪ್ಲಗ್ ತೆಗೆಯಿರಿ. ಪೂರ್ಣ ಶುಚಿ ಕಾರ್ಯಕ್ಕೆ ಹಿಂದಿನ ರಾತ್ರಿಯೇ ಒಲೆ ಆರಿಸಿ ಬೆಳಿಗ್ಗೆ ಕೈ ಹಾಕುವುದು ಕ್ಷೇಮ. ಬಿಸಿ ಒಲೆಗೆ ನೀರು ಚಿಮುಕಿಸಿ ಬೇಗ ತಣಿಸುವ ಪ್ರಯತ್ನ ಬೇಡ. ಗಾಜು ಮತ್ತು ಎರಕದ ಭಾಗಗಳು ಸೀಳುತ್ತವೆ.

ಪ್ಲಗ್ ತೆಗೆಯದೆ ಒಳಗೆ ಕೈ ಹಾಕಬಾರದು. ಪೆಲೆಟನ್ನು ತಳ್ಳುವ ಆಗರ್ ಎಂಬ ತಿರುಪು ನಿಧಾನವಾಗಿ ತಿರುಗಿದರೂ ಅದಕ್ಕೆ ಬೆರಳು ಜಜ್ಜುವಷ್ಟು ಬಲವಿದೆ.

## ಹಂತ 2: ಬರ್ನ್ ಪಾಟನ್ನು ಹೊರತೆಗೆದು ಬದಿಗಿಡುವುದು

ಪಾಟನ್ನು ಹೊರತೆಗೆದು ಬೂದಿಯನ್ನು ಲೋಹದ ಡಬ್ಬಿಗೆ ಸುರಿಯಿರಿ. ತಳದಲ್ಲಿ ಮತ್ತು ಅಂಚುಗಳಲ್ಲಿ ಕ್ಲಿಂಕರ್ ಎನ್ನುವ ಗಟ್ಟಿ ಕಿಟ್ಟ ಅಂಟಿಕೊಂಡಿರುತ್ತದೆ. ಪೆಲೆಟ್‌ನಲ್ಲಿರುವ ಮರಳು, ಮಣ್ಣು ಮತ್ತು ಖನಿಜಾಂಶ ತೀವ್ರ ಉಷ್ಣಕ್ಕೆ ಕರಗಿ ಒಂದಾಗಿ ಕಲ್ಲಿನಂತೆ ಗಟ್ಟಿಯಾದಾಗ ಇದು ಉಂಟಾಗುತ್ತದೆ. ಕೆರೆಗತ್ತಿಯಿಂದ ಇದನ್ನು ಎಬ್ಬಿಸಿದ ಮೇಲೆ ಪ್ರತಿಯೊಂದು ತೂತಿಗೂ ಅಲೆನ್ ಕೀ ಹಾಕಿ ತಿರುಗಿಸಿ, ನಂತರ ಪಾಟನ್ನು ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತುಗಳಿಂದಲೂ ಬೆಳಕು ದುಂಡಗೆ ಕಾಣಬೇಕು. ಮೇಲ್ನೋಟಕ್ಕೆ ಶುಚಿಯಾಗಿರುವ ಪಾಟಿನಲ್ಲೂ ತೂತುಗಳು ಅರ್ಧಕ್ಕರ್ಧ ಕಿರಿದಾಗಿರುವುದು ಬಹಳ ಸಾಮಾನ್ಯ. ಡ್ರಿಲ್ ಹಾಕಿ ತೂತುಗಳನ್ನು ದೊಡ್ಡದು ಮಾಡಬೇಡಿ. ಗಾಳಿಯ ಲೆಕ್ಕವೇ ಕೆಡುತ್ತದೆ.

ಅತಿ ಹೆಚ್ಚು ಜನ ಎಡವುವುದು ಇದರ ನಂತರ. ಪಾಟ್ ಶುಚಿಯಾಯಿತೆಂದು ಅದನ್ನು ಕೂಡಲೇ ಜಾಗದಲ್ಲಿ ಕೂರಿಸಿ, ಆಮೇಲೆ ಮೇಲಿನ ಗೋಡೆಗಳನ್ನು ಉಜ್ಜುತ್ತಾರೆ. ಆಗ ಉದುರುವ ಬೂದಿಯೆಲ್ಲ ಪಾಟಿನೊಳಗೂ ಇಗ್ನೈಟರ್‌ನ ತೂತಿಗೂ ಬೀಳುತ್ತದೆ. ಪಾಟ್ ಕೂರುವ ಅಂಚಿನಲ್ಲಿ ಒಂದು ಚಿಟಿಕೆ ಬೂದಿ ಇದ್ದರೂ ಅದು ಸಮವಾಗಿ ಕೂರದೆ, ಗಾಳಿ ತೂತುಗಳ ಮೂಲಕ ಬರುವ ಬದಲು ಪಕ್ಕದ ಸಂದಿಯಿಂದ ನುಸುಳಿ ಹೋಗುತ್ತದೆ. ಶುಚಿ ಮಾಡಿದ ಮರುದಿನವೇ ಒಲೆ ಹೊತ್ತಿಕೊಳ್ಳದಿರುವುದಕ್ಕೆ ನಾನು ಮೊದಲು ಅನುಮಾನಿಸುವುದು ಇದನ್ನೇ. ಪಾಟನ್ನು ಬದಿಗಿಟ್ಟು ಮುಂದಿನ ಹಂತಕ್ಕೆ ಹೋಗಿ. ಅದು ಒಲೆಗೆ ಮರಳುವುದು ಒಳಗಿನ ಎಲ್ಲ ಕೆಲಸ ಮುಗಿದ ಮೇಲೆ.

## ಹಂತ 3: ಮೇಲ್ಭಾಗದ ತಡೆಹಲಗೆ ಮತ್ತು ಶಾಖ ಕೊಳವೆಗಳು

ಬೆಂಕಿಯ ಮೇಲ್ಗಡೆ ಬ್ಯಾಫಲ್ ಎಂಬ ತಡೆಹಲಗೆಯೂ ಅದರ ಹಿಂದೆ ಕೋಣೆಯ ಗಾಳಿಯನ್ನು ಬಿಸಿ ಮಾಡುವ ಕೊಳವೆಗಳೂ ಇರುತ್ತವೆ. ಕೆಲವು ಒಲೆಗಳಲ್ಲಿ ಹೊರಗಿನಿಂದ ಎಳೆದು ತಳ್ಳುವ ಒಂದು ಸಲಾಕೆ ಇರುತ್ತದೆ. ಅದು ಈ ಕೊಳವೆಗಳ ಮೇಲಿನ ಬೂದಿಯನ್ನು ಕೆರೆಯಲೆಂದೇ ಇದೆ. ತಣ್ಣಗಿರುವಾಗ ಅದನ್ನು ಹಲವು ಬಾರಿ ಹಿಂದೆ ಮುಂದೆ ಆಡಿಸಿ, ಬಳಿಕ ತಡೆಹಲಗೆಯನ್ನು ಬಿಚ್ಚಿ ಕೊಳವೆಗಳನ್ನು ಬ್ರಷ್‌ನಿಂದ ಉಜ್ಜಿ.

ಹಲಗೆ ವರ್ಮಿಕ್ಯುಲೈಟ್‌ನದಾಗಿದ್ದರೆ, ಅಂದರೆ ತಿಳಿಕಂದು ಬಣ್ಣದ ಹಗುರ ಹಲಗೆಯಾಗಿದ್ದರೆ, ಗಟ್ಟಿ ಬ್ರಷ್ ತಾಕಿಸಬೇಡಿ. ಅದು ಪುಡಿಯಾಗಿ ಮುರಿಯುತ್ತದೆ. ಮೃದು ಬ್ರಷ್‌ನಿಂದ ಸವರಿದರೆ ಸಾಕು.

## ಹಂತ 4: ಕಣ್ಣಿಗೆ ಕಾಣದ ಬೂದಿ

ಇಡೀ ಕೆಲಸದ ತಿರುಳು ಇಲ್ಲಿದೆ, ಆದ್ದರಿಂದ ಆತುರ ಬೇಡ. ಬೆಂಕಿಯ ಹಿಂಗೋಡೆಯ ಫಲಕದ ಹಿಂದೆ ಹೊಗೆ ಕೆಳಗಿಳಿದು ಫ್ಯಾನಿನ ಕಡೆಗೆ ತಿರುಗುವ ಕಿರಿದಾದ ಹಾದಿ ಇರುತ್ತದೆ. ಹೊಗೆ ಅಲ್ಲಿ ದಿಕ್ಕು ಬದಲಿಸುವುದರಿಂದ ಬೂದಿ ಅಲ್ಲೇ ಬಿದ್ದು ರಾಶಿಯಾಗುತ್ತದೆ. ಮುಂಬಾಗಿಲಿನಿಂದ ನೋಡಿದರೆ ಒಲೆ ಕನ್ನಡಿಯಷ್ಟು ಶುಚಿಯಾಗಿ ಕಂಡರೂ ಹಿಂದಿನ ಹಾದಿ ಮುಕ್ಕಾಲು ಪಾಲು ಮುಚ್ಚಿಹೋಗಿರಬಹುದು.

ಕೈಪಿಡಿಯ ಚಿತ್ರದಲ್ಲಿ ಬೂದಿ ಬಾಗಿಲು ಅಥವಾ ಶುಚಿ ಮುಚ್ಚಳ ಎಲ್ಲಿದೆ ಎಂಬುದನ್ನು ಹುಡುಕಿ. ಸಾಮಾನ್ಯವಾಗಿ ಬೂದಿ ತಟ್ಟೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ಸಣ್ಣ ಮುಚ್ಚಳ, ಒಂದೆರಡು ಸ್ಕ್ರೂಗಳ ಆಧಾರದಲ್ಲಿ ನಿಂತಿರುತ್ತದೆ. ಅವನ್ನು ತೆರೆಯುವ ಮೊದಲು ಹಿಂಗೋಡೆಯ ಲೋಹದ ಭಾಗವನ್ನು ರಬ್ಬರ್ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಟ್ಟುತ್ತ ಬನ್ನಿ. ಒಳಗೆ ಬೂದಿ ಜಾರಿ ಬೀಳುವ ಸದ್ದು ಕೇಳಿಸುತ್ತದೆ, ಆ ಸದ್ದು ನಿಲ್ಲುವವರೆಗೆ ತಟ್ಟಿ. ಗೋಡೆ ಇಟ್ಟಿಗೆಯದೋ ವರ್ಮಿಕ್ಯುಲೈಟಿನದೋ ಆಗಿದ್ದರೆ ತಟ್ಟದೆ ಫಲಕವನ್ನು ಬಿಚ್ಚಿ ತೆಗೆಯಿರಿ. ನಂತರ ಮುಚ್ಚಳಗಳನ್ನು ತೆರೆದು ಬ್ರಷ್ ಒಳಕ್ಕೆ ಬಿಟ್ಟು ಆಡಿಸಿ, ವ್ಯಾಕ್ಯೂಮ್‌ನಿಂದ ಎಳೆಯಿರಿ. ವ್ಯಾಕ್ಯೂಮಿನ ಮೂತಿ ಹೋಗದಷ್ಟು ಜಾಗ ಕಿರಿದಾಗಿದ್ದರೆ ಅಕ್ವೇರಿಯಂ ಕೊಳವೆಯ ಒಂದು ತುಂಡನ್ನು ಮೂತಿಗೆ ಟೇಪಿನಿಂದ ಸುತ್ತಿಕೊಂಡರೆ ಮೂಲೆಯವರೆಗೂ ತಲುಪುತ್ತದೆ.

ಇದೇ ಭಾಗದಲ್ಲಿ ಒಂದು ಎಚ್ಚರಿಕೆ ಅಗತ್ಯ. ಒಲೆಯೊಳಗಿನ ಎಳೆತವನ್ನು ಅಳೆಯಲು ವ್ಯಾಕ್ಯೂಮ್ ಸ್ವಿಚ್ ಎಂಬ ಸಣ್ಣ ಸಾಧನವಿರುತ್ತದೆ. ಅದಕ್ಕೆ ತೆಳುವಾದ ರಬ್ಬರ್ ಕೊಳವೆ ಜೋಡಿಸಿರುತ್ತಾರೆ. ಕೊಳವೆಯಲ್ಲಿ ಬೂದಿ ಕಟ್ಟಿದ್ದರೆ ಮೊದಲು ಅದನ್ನು ಸ್ವಿಚ್‌ನಿಂದ ಕಳಚಿ, ಬಳಿಕ ಒಲೆಯ ಕಡೆಗೆ ಊದಿ. ಸ್ವಿಚ್‌ನೊಳಗೆ ಊದಿದರೆ ಒಳಗಿನ ತೆಳು ಪೊರೆ ಹರಿಯುತ್ತದೆ. ಒಲೆ ಮತ್ತೆ ಮತ್ತೆ ದೋಷ ತೋರಿಸುತ್ತದೆಂದು ಈ ಸ್ವಿಚ್ಚನ್ನು ತಂತಿಯಿಂದ ಬೆಸೆದು ಸುಮ್ಮನಾಗಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹೊಗೆಯ ದಾರಿ ಮುಚ್ಚಿದಾಗ ಪೆಲೆಟ್ ಬೀಳುವುದನ್ನು ತಡೆದು ಮನೆಯವರನ್ನು ಕಾಯುವ ಸಾಧನ ಅದು.

## ಹಂತ 5: ಹೊಗೆ ಫ್ಯಾನ್

ವಾರದ ಶುಚಿಯಲ್ಲಿ ಇದನ್ನು ಮುಟ್ಟಬೇಕಿಲ್ಲ. ಟನ್ನಿಗೊಮ್ಮೆ ಅಥವಾ ಕನಿಷ್ಠ ವರ್ಷಕ್ಕೊಮ್ಮೆ ಬಿಚ್ಚಿ ನೋಡಬೇಕು. ತಂತಿಗಳು ಹೇಗಿದ್ದವೆಂದು ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಸ್ಕ್ರೂಗಳನ್ನು ಬಿಚ್ಚಿ ಫ್ಯಾನನ್ನು ಹೊರಕ್ಕೆ ಎಳೆಯಿರಿ. ರೆಕ್ಕೆಗಳ ಮೇಲಿನ ಬೂದಿಯನ್ನು ಟೂತ್‌ಬ್ರಷ್‌ನಿಂದ ತೆಗೆಯುವಾಗ ರೆಕ್ಕೆ ಬಾಗದಂತೆ ನೋಡಿಕೊಳ್ಳಿ. ಒಂದು ರೆಕ್ಕೆ ಬಾಗಿದರೂ ತೂಕ ತಪ್ಪಿ ಫ್ಯಾನ್ ನಡುಗುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಫ್ಯಾನ್ ಕೂರುವ ಗೂಡಿನ ಒಳಭಾಗವನ್ನೂ ಬಾಚಿ ತೆಗೆದು, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿ. ಎಣ್ಣೆ ಹಾಕುವ ತೂತು ಇದೆಯೆಂದು ಕೈಪಿಡಿ ಹೇಳಿದರೆ ಮಾತ್ರ ಎಣ್ಣೆ ಬಿಡಿ.

## ಹಂತ 6: ಹೊಗೆ ಕೊಳವೆ

ಕೊಳವೆ ತಿರುಗುವಲ್ಲಿ ಟೀ ಆಕಾರದ ಜೋಡಣೆ ಇದ್ದು, ಅದರ ಕೆಳಗೆ ಒಂದು ಮುಚ್ಚಳವಿರುತ್ತದೆ. ಕೆಳಗೆ ಬಕೆಟ್ ಹಿಡಿದು ಮುಚ್ಚಳ ತೆಗೆಯಿರಿ. ಅಲ್ಲಿಂದ ಬ್ರಷ್ಷನ್ನು ಮೇಲಕ್ಕೂ ಒಲೆಯ ದಿಕ್ಕಿಗೂ ಹೊರತುದಿಯ ಕಡೆಗೂ ಓಡಿಸಿ. ಹೊರಗಿನ ತುದಿಯಲ್ಲಿ ಜಾಲರಿ ಇದ್ದರೆ ಅದರ ಕಣ್ಣುಗಳು ಬೂದಿಯಿಂದ ಮುಚ್ಚಿರುತ್ತವೆ. ಹಕ್ಕಿ ಗೂಡು ಕಟ್ಟಿರುವುದೂ ಉಂಟು. ಹಿಮ ಬಿದ್ದ ಮೇಲೆ ಈ ತುದಿ ಹೂತುಹೋಗಿಲ್ಲವೆಂದು ಪ್ರತಿ ಬಾರಿಯೂ ಹೊರಗೆ ಹೋಗಿ ನೋಡಬೇಕು. ಹೊರಗಿನ ಗಾಳಿ ತರುವ ಸಣ್ಣ ಕೊಳವೆ ಪ್ರತ್ಯೇಕವಾಗಿದ್ದರೆ ಅದರ ಬಾಯಿಗೂ ಟಾರ್ಚ್ ಬಿಟ್ಟು ನೋಡಿ.

ಎಲೆ ಗುಡಿಸುವ ಲೀಫ್ ಬ್ಲೋಯರ್‌ನ ಎಳೆಯುವ ಬಾಯಿಯನ್ನು ಹೊರಗಿನ ಕೊಳವೆಗೆ ಜೋಡಿಸಿ ಬೂದಿಯನ್ನೆಲ್ಲ ಒಮ್ಮೆಲೇ ಹೀರುವ ವಿಧಾನ ಅಮೆರಿಕದಲ್ಲಿ ಬಹಳ ಬಳಕೆಯಲ್ಲಿದೆ. ಸಡಿಲ ಬೂದಿಗೆ ಅದು ನಿಜಕ್ಕೂ ಪರಿಣಾಮಕಾರಿ. ಆದರೆ ಅಂಟಿಕೊಂಡ ಬೂದಿ ಬ್ರಷ್ ಇಲ್ಲದೆ ಬಿಡುವುದಿಲ್ಲ, ಆದ್ದರಿಂದ ಇದನ್ನು ಬ್ರಷ್‌ಗೆ ಪೂರಕವಾಗಿ ಮಾತ್ರ ಬಳಸಿ. ಒಲೆ ಒಂದು ರಾತ್ರಿಯಾದರೂ ತಣಿದಿರಬೇಕು, ಮತ್ತು ಯಂತ್ರವನ್ನು ಎಳೆಯುವ ದಿಕ್ಕಿನಲ್ಲೇ ಇಡಬೇಕು. ತಪ್ಪಿ ಊದುವ ದಿಕ್ಕಿಗೆ ಹಾಕಿದರೆ ಚಳಿಗಾಲದ ಬೂದಿಯೆಲ್ಲ ಕೋಣೆಯೊಳಗೆ ಬರುತ್ತದೆ. ಹೊರಗೆ ದೊಡ್ಡ ಬೂದಿ ಮೋಡವೇಳುವುದರಿಂದ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಇದು ಸಲ್ಲದು.

ಕೊಳವೆಯ ತಪಾಸಣೆಯನ್ನು ವರ್ಷಕ್ಕೊಮ್ಮೆ ತರಬೇತಿ ಪಡೆದವರಿಂದ ಮಾಡಿಸಬೇಕೆಂದು ಅಮೆರಿಕದ ಎನ್‌ಎಫ್‌ಪಿಎ 211 ಮಾನದಂಡ ಹೇಳುತ್ತದೆ. ಜರ್ಮನಿಯಲ್ಲಂತೂ ಚಿಮಣಿ ಕೆಲಸಗಾರರ ಭೇಟಿ ಕಾನೂನಿನ ಕಡ್ಡಾಯ. ನೀವೇ ಎಷ್ಟು ಶುಚಿ ಮಾಡಿದರೂ ಅದು ಈ ತಪಾಸಣೆಗೆ ಬದಲಾಗುವುದಿಲ್ಲ.

## ಹಂತ 7: ಉಳಿದ ಬೂದಿ, ಇಗ್ನೈಟರ್ ಮತ್ತು ಪಾಟಿನ ಮರುಜೋಡಣೆ

ಈಗ ಒಲೆಯ ತಳ, ಬೂದಿ ತಟ್ಟೆ, ಪಾಟ್ ಕೂರುವ ಜಾಗ ಇವನ್ನೆಲ್ಲ ವ್ಯಾಕ್ಯೂಮ್‌ನಿಂದ ಎಳೆಯಿರಿ. ಇಗ್ನೈಟರ್ ಸುತ್ತಲಿನ ತೂತನ್ನು ಮೃದು ಬ್ರಷ್‌ನಿಂದ ಬಿಡಿಸಿ. ಸೆರಾಮಿಕ್ ಇಗ್ನೈಟರ್ ಒಂದು ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಶಾಖ ತಿಳಿಯುವ ಥರ್ಮೋಕಪಲ್ ಕಡ್ಡಿಯನ್ನು ಒಣ ಬಟ್ಟೆಯಿಂದ ಒರೆಸಿ. ಕೊನೆಯಲ್ಲಿ ಪಾಟ್ ಕೂರುವ ಅಂಚನ್ನು ಬೆರಳಿನಿಂದ ಸವರಿ, ಒಂದು ಕಣವೂ ಇಲ್ಲವೆಂದು ಖಚಿತವಾದ ಮೇಲೆ ಪಾಟನ್ನು ಕೂರಿಸಿ. ಒತ್ತಿ ನೋಡಿದರೆ ಅದು ಅಲುಗಾಡಬಾರದು.

ತೆಗೆದ ಬೂದಿಯನ್ನು ಮುಚ್ಚಿದ ಲೋಹದ ಡಬ್ಬಿಯಲ್ಲಿ ಮನೆಯ ಹೊರಗೆ, ಮನೆಯಿಂದ ಕನಿಷ್ಠ 10 ಅಡಿ ದೂರದಲ್ಲಿ, ಮಣ್ಣು ಅಥವಾ ಕಾಂಕ್ರೀಟಿನ ಮೇಲಿಡಿ. ಮರದ ಡೆಕ್ಕಿನ ಮೇಲಾಗಲಿ ಗ್ಯಾರೇಜಿನಲ್ಲಾಗಲಿ ಬೇಡ. ಬೂದಿಯೊಳಗೆ ಹುದುಗಿದ ಕೆಂಡ ನಾಲ್ಕು ದಿನಗಳವರೆಗೂ ಜೀವಂತವಾಗಿರಬಹುದು. ರಟ್ಟಿನ ಪೆಟ್ಟಿಗೆಗೋ ಪ್ಲಾಸ್ಟಿಕ್ ಚೀಲಕ್ಕೋ ಸುರಿದಿಟ್ಟ ಬೂದಿ ಮನೆಗೆ ಬೆಂಕಿ ತಗಲಿಸುವುದು ಹೀಗೆಯೇ.

## ಹಂತ 8: ಗಾಜು ಮತ್ತು ಬಾಗಿಲಿನ ಗ್ಯಾಸ್ಕೆಟ್

ಗಾಜಿಗೆ ಒದ್ದೆ ಮಾಡಿದ ಕಾಗದವನ್ನು ನುಣುಪು ಬೂದಿಯಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ಸಾಕು; ಪಾತ್ರೆಗೆ ಬೂದಿ ಹಾಕಿ ತಿಕ್ಕಿದವರ ಮನೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕಿಟ್ಟದ ಚೂರು ಸೇರಿದ್ದರೆ ಗೀರು ಬೀಳುತ್ತದೆ, ಅದನ್ನು ಬೇರ್ಪಡಿಸಿ.

ಗಾಜಿಗಿಂತ ಹೆಚ್ಚಿನ ಗಮನ ಬೇಕಾದದ್ದು ಬಾಗಿಲಿನ ಸುತ್ತಲಿನ ಹಗ್ಗದಂಥ ಗ್ಯಾಸ್ಕೆಟ್‌ಗೆ. ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ನಾಲ್ಕೂ ಬದಿಯಲ್ಲಿ ಹೀಗೆ ಪರೀಕ್ಷಿಸಿ. ಬೂದಿ ಬಾಗಿಲಿಗೂ ಪೆಲೆಟ್ ತುಂಬುವ ಹಾಪರ್ ಎಂಬ ಪೆಟ್ಟಿಗೆಯ ಮುಚ್ಚಳಕ್ಕೂ ಇದೇ ಪರೀಕ್ಷೆ. ಗ್ಯಾಸ್ಕೆಟ್ ಬದಲಿಸುವುದಾದರೆ ಹಳೆಯದರಷ್ಟೇ ದಪ್ಪದ್ದನ್ನು, ಅಧಿಕ ಉಷ್ಣ ತಾಳುವ ಅಂಟಿನಿಂದ ಹಚ್ಚಬೇಕು.

## ಹಂತ 9: ಹಾಪರ್ ಮತ್ತು ಬಿಸಿಗಾಳಿ ಫ್ಯಾನ್

ಹಾಪರ್‌ನ ತಳದಲ್ಲಿ ಮರದ ಪುಡಿ ಶೇಖರವಾಗುತ್ತದೆ. ಇದು ಹೆಚ್ಚಾದಾಗ ಆಗರ್‌ಗೆ ಪೆಲೆಟ್ ಸರಾಗವಾಗಿ ಇಳಿಯದೆ ಉರಿ ಏರಿಳಿಯುತ್ತದೆ. ಟನ್ನಿಗೊಮ್ಮೆ ಹಾಪರನ್ನು ಪೂರ್ತಿ ಬರಿದು ಮಾಡಿ ಪುಡಿಯನ್ನು ಎಳೆಯಿರಿ. ತೇವ ತಗುಲಿದ ಪೆಲೆಟ್ ಉಬ್ಬಿ ಹಿಟ್ಟಾಗಿ ಆಗರ್‌ನೊಳಗೆ ಗಟ್ಟಿಯಾಗುತ್ತದೆ, ಆದ್ದರಿಂದ ಚೀಲಗಳನ್ನು ನೆಲಕ್ಕೆ ತಾಗದಂತೆ ಒಣ ಜಾಗದಲ್ಲಿಡಿ. ಕೋಣೆಗೆ ಬಿಸಿ ತರುವ ಫ್ಯಾನಿನಲ್ಲಿ ಬೂದಿಗಿಂತ ಮನೆಯ ಧೂಳು ಮತ್ತು ನಾಯಿ ಬೆಕ್ಕಿನ ಕೂದಲು ಹೆಚ್ಚು. ಬ್ರಷ್‌ನಿಂದ ಬಿಡಿಸಿ ಎಳೆದರೆ ಆಯಿತು.

## ಹಂತ 10: ಮತ್ತೆ ಹಚ್ಚುವುದು

ಎಲ್ಲ ಮುಚ್ಚಳಗಳೂ ಮರಳಿವೆಯೇ ಎಂದು ನೋಡಿ ಒಲೆ ಹಚ್ಚಿ, ಮೊದಲ ಅರ್ಧ ಗಂಟೆ ಬಳಿಯಲ್ಲೇ ಇರಿ. ಆಗರ್ ಖಾಲಿಯಾಗಿದ್ದರೆ ಮೊದಲ ಪ್ರಯತ್ನದಲ್ಲಿ ಹೊತ್ತಿಕೊಳ್ಳದಿರಬಹುದು. ಎರಡನೆಯ ಪ್ರಯತ್ನಕ್ಕೆ ಮೊದಲು, ಒಲೆ ತಣಿದ ಮೇಲೆ, ಪಾಟಿನಲ್ಲಿ ಬಿದ್ದ ಪೆಲೆಟನ್ನು ಪೂರ್ತಿ ತೆಗೆಯಲೇಬೇಕು. ತುಂಬಿದ ಪಾಟ್ ಹೊಗೆಯಾಡುತ್ತ ಅನಿಲ ಕೂಡಿಕೊಂಡು ಒಮ್ಮೆಲೇ ಸಿಡಿದು ಬಾಗಿಲು ಹಾರಿಸಬಲ್ಲದು. ತೆಗೆದ ಪೆಲೆಟನ್ನು ಹಾಪರ್‌ಗೆ ಮರಳಿ ಹಾಕಬೇಡಿ, ಅದರಲ್ಲಿ ಕಿಡಿ ಇರಬಹುದು. ಸೀಮೆಎಣ್ಣೆ, ಸ್ಪಿರಿಟ್ ಸುರಿದು ಹಚ್ಚುವ ಯೋಚನೆಯೂ ಬೇಡ.

ಸರಿಯಾದ ಉರಿ ಗಿಡ್ಡಗೆ, ಚುರುಕಾಗಿ, ಹೊಳೆಯುವ ಹಳದಿಯಾಗಿರುತ್ತದೆ. ಪಾಟಿನಲ್ಲಿ ಕಿಡಿಗಳು ಕುಣಿಯುತ್ತವೆ.

## ಅಪಾಯದ ಸೂಚನೆಗಳು

ಉರಿ ಉದ್ದವಾಗಿ, ಸೋಮಾರಿಯಾಗಿ, ಕಿತ್ತಳೆ ಬಣ್ಣಕ್ಕೆ ತಿರುಗಿ ತುದಿಯಲ್ಲಿ ಕಪ್ಪಾದರೆ ಗಾಳಿ ಸಾಲುತ್ತಿಲ್ಲ. ಗಾಜಿನ ಮೇಲೆ ಬೂದುಬಣ್ಣದ ತೆಳು ಪುಡಿ ಕೂರುವುದು ಸಹಜ. ಒಂದೇ ದಿನದಲ್ಲಿ ಕಪ್ಪು ಮಸಿ ಹತ್ತಿದರೆ 2, 4 ಮತ್ತು 8ನೇ ಹಂತಗಳನ್ನು ಮತ್ತೊಮ್ಮೆ ನೋಡಿ. ಪಾಟಿನಲ್ಲಿ ಅರೆಬೆಂದ ಪೆಲೆಟ್ ರಾಶಿಯಾಗುತ್ತಿದ್ದರೆ ಒಲೆಯನ್ನು ಕೂಡಲೇ ನಿಲ್ಲಿಸಿ. ಅದು ಆಗರ್‌ನ ದಾರಿಯಲ್ಲಿ ಮೇಲಕ್ಕೆ ಏರಿದರೆ ಬೆಂಕಿ ಹಾಪರ್‌ಗೇ ತಲುಪಬಹುದು.

ಕೋಣೆಯಲ್ಲಿ ಹೊಗೆಯ ವಾಸನೆ ಬಂದರೆ ಅದನ್ನು ಸಣ್ಣ ವಿಷಯವೆಂದು ಬಿಡಬೇಡಿ. ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಲೆಯಿರುವ ಮಹಡಿಯಲ್ಲೂ ಮಲಗುವ ಕೋಣೆಗಳ ಬಳಿಯೂ ಇದರ ಅಲಾರಾಂ ಇರಬೇಕು. ಅಮೆರಿಕದಲ್ಲಿ ಯುಎಲ್ 2034, ಯುರೋಪಿನಲ್ಲಿ ಇಎನ್ 50291 ಎಂಬ ಗುರುತು ನೋಡಿ ಕೊಳ್ಳಿ, ತಿಂಗಳಿಗೊಮ್ಮೆ ಗುಂಡಿ ಒತ್ತಿ ಪರೀಕ್ಷಿಸಿ. ಅಲಾರಾಂ ಕೂಗಿದರೆ ಕಾರಣ ಹುಡುಕುತ್ತ ಒಳಗೆ ನಿಲ್ಲದೆ ಮಕ್ಕಳು ಹಿರಿಯರೆಲ್ಲರನ್ನೂ ಕರೆದುಕೊಂಡು ಮೊದಲು ಹೊರಗೆ ಬನ್ನಿ, ಅಲ್ಲಿಂದ ತುರ್ತು ಸೇವೆಗೆ ಕರೆ ಮಾಡಿ. ಊರಿನಿಂದ ಬಂದ ತಂದೆತಾಯಿ ಹಗಲು ಒಬ್ಬರೇ ಮನೆಯಲ್ಲಿರುವುದಾದರೆ ಈ ಸದ್ದು ಏನೆಂಬುದನ್ನು ಒಮ್ಮೆ ಕೇಳಿಸಿ, ಆಗ ಏನು ಮಾಡಬೇಕೆಂದು ಕನ್ನಡದಲ್ಲೇ ಬರೆದು ಒಲೆಯ ಬಳಿ ಅಂಟಿಸಿಡಿ.

## ಚಳಿಗಾಲ ಮುಗಿದ ಮೇಲೆ

ಅಕ್ಟೋಬರ್‌ನಲ್ಲಿ ಮಾಡಿದರಾಯಿತೆಂದು ವಸಂತದ ಶುಚಿಯನ್ನು ಮುಂದೂಡಬೇಡಿ. ಬೂದಿ ಬೇಸಿಗೆಯ ಗಾಳಿಯ ತೇವವನ್ನು ಹೀರಿ ಲೋಹವನ್ನು ತಿನ್ನುತ್ತದೆ. ಒಣಗಿದಾಗ ಗಾರೆಯಂತೆ ಗಟ್ಟಿಯಾಗಿ ಕೊಳವೆಗೆ ಅಂಟುತ್ತದೆ. ಕೊನೆಯ ಉರಿಯಲ್ಲಿ ಹಾಪರ್ ಮತ್ತು ಆಗರನ್ನು ಬರಿದಾಗುವವರೆಗೆ ಓಡಿಸಿ, ಎಲ್ಲ ಹಂತಗಳನ್ನೂ ಮುಗಿಸಿ ಪ್ಲಗ್ ತೆಗೆದಿಡಿ. ಹಕ್ಕಿ ಮತ್ತು ಹುಳುಗಳು ಸೇರದಂತೆ ಹೊರಗಿನ ಕೊಳವೆಗೆ ಮುಚ್ಚಳ ಹಾಕುವುದಾದರೆ, "ಹೊರಗಿನ ಮುಚ್ಚಳ ತೆಗೆಯದೆ ಹಚ್ಚಬೇಡಿ" ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಒಲೆಯ ಗುಂಡಿಯ ಮೇಲೆಯೇ ಅಂಟಿಸಿ.